ಬಿಡಿಯಾಗಿಯೇ ಮಾರಿ, ಮೊದಲು ತುಕ್ಕು ನೋಡಿ

ಮಾರುತಿ ಜೆನ್ ಕಾರನ್ನು ಮಾರ್ಪಡಿಸುವ ಪ್ರಾಜೆಕ್ಟ್ ಕೈಬಿಟ್ಟಿದ್ದೇನೆ, ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಪವರ್ ಏರಿಸುವ ಭಾಗ), ಕಾಯಿಲೋವರ್ (ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್), ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಇಂಜಿನ್ ಎಲ್ಲ ಒಟ್ಟಿಗೆ ಕೊಡಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ, ಒಟ್ಟಿಗೆ ಅಂದರೆ ಗುಜರಿ ರೇಟಿಗೆ ಕೇಳುತ್ತಾರೆ. ಬಿಡಿಯಾಗಿಯೇ ಕೊಡಿ.

ಆದರೆ ಮೊದಲು ತುಕ್ಕು ನೋಡಿ. ನಮ್ಮ ಮಲ್ಪೆ ಕಡೆಯ ಉಪ್ಪುಗಾಳಿಗೆ ಒಂದು ಮಳೆಗಾಲ ಸಾಕು. ಶೆಡ್ಡಿನಲ್ಲಿಟ್ಟ ನನ್ನ ಕಾಯಿಲೋವರಿನ ಥ್ರೆಡ್ ಕಂದು ಪುಡಿಯಾಗಿ ಹಿಡಿದುಕೊಂಡು, ಎತ್ತರವನ್ನು ಹಿಡಿದಿಡುವ ಲಾಕ್ ರಿಂಗ್ ಕಾಲು ಸುತ್ತೂ ತಿರುಗಲಿಲ್ಲ. ಅರ್ಧ ಬೆಲೆಗೆ ಹೋಯಿತು. ಇವತ್ತೇ ಬ್ರಷ್ಷಿನಲ್ಲಿ ಉಜ್ಜಿ ಗ್ರೀಸ್ ಹಚ್ಚಿಡಿ.

ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸುವ ವಿಡಿಯೊ ಹಾಕಿ. ಪಕ್ಕಕ್ಕೆ ಒಂಚೂರು ಆಡಿದರೆ ಸಹಜ, ಶಾಫ್ಟಿನ ಉದ್ದಕ್ಕೆ ಹಿಂದೆಮುಂದೆ ಆಡಿದರೆ ಅದನ್ನು ಮುಚ್ಚಿಡದೆ ಹೇಳಿ. ಇಂಜಿನ್ನಿಗೆ ಖರೀದಿ ಬಿಲ್ ಹುಡುಕಿಡಿ. ಪಾರ್ಸೆಲ್ ಹಾಕುವ ಮೊದಲು ಆಯಿಲ್ ಪೂರ್ತಿ ಇಳಿಸಿ, ತೂತುಗಳಿಗೆಲ್ಲ ಟೇಪ್ ಸುತ್ತಿ.