ನಿಮ್ಮ ಕ್ವಾರಂಟೈನ್ ಲೇಖನದ ಬಗ್ಗೆ

ನಮಸ್ಕಾರ.

ಸಾಂಕ್ರಾಮಿಕ ರೋಗ ಬಂದಾಗ ಕ್ವಾರಂಟೈನ್‌ಗೆ ಹೇಗೆ ಸಿದ್ಧರಾಗಬೇಕು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಎತ್ತಿಡುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ‘ಸೋಂಕಿತರನ್ನು ಕ್ವಾರಂಟೈನ್ ಮಾಡಬೇಕು’ ಅಂದಿದ್ದೀರಿ. ಕಾಯಿಲೆ ಬಂದವರನ್ನು ಬೇರೆ ಇಡುವುದು ಐಸೋಲೇಶನ್. ಕ್ವಾರಂಟೈನ್ ಇರುವುದು ರೋಗಿಯ ಹತ್ತಿರ ಓಡಾಡಿ, ಸದ್ಯಕ್ಕೆ ಚೆನ್ನಾಗಿಯೇ ಇರುವವರಿಗೆ. ನಿಮ್ಮ ನಕ್ಷೆಯಲ್ಲಿ ಇಬ್ಬರಿಗೂ ಒಂದೇ ಶೌಚಾಲಯ! ಕಾಯಿಲೆ ಬರದೇ ಇದ್ದವರಿಗೂ ಅಲ್ಲೇ ಬರುತ್ತದೆ, ಅಲ್ವಾ?

ಎಲ್ಲ ರೋಗಕ್ಕೂ 14 ದಿನ ಹಾಕಿದ್ದೀರಿ. ಅದು ಕೋವಿಡ್ ನೆನಪು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಹೆಚ್ಚೆಂದರೆ ಎಷ್ಟು ದಿನ ಬೇಕು ಅನ್ನುವುದರ ಮೇಲೆ ಅವಧಿ ನಿಲ್ಲುತ್ತದೆ. ಎಬೋಲಾಗೆ 21 ದಿನ. ಜೊತೆಗೆ, ಎಬೋಲಾ ಲಕ್ಷಣ ಶುರುವಾಗುವ ಮೊದಲು ಹರಡುವುದಿಲ್ಲ, ಕೋವಿಡ್ ಹರಡುತ್ತದೆ. ಯಾರನ್ನು ಕೂಡಿಹಾಕಬೇಕು, ಯಾರ ಜ್ವರವನ್ನು ದಿನಾ ನೋಡಿಕೊಂಡರೆ ಸಾಕು ಎಂದು ಯೋಚಿಸುವುದು ಇಲ್ಲಿಂದ. ನಿಮ್ಮಲ್ಲಿ ಇದರ ಸುಳಿವೇ ಇಲ್ಲ.

ಹಿಂದೆ ಪ್ಲೇಗ್ ಭಯಕ್ಕೆ ವೆನಿಸ್‌ನಲ್ಲಿ ಹಡಗುಗಳನ್ನು ನಲವತ್ತು ದಿನ ತಡೆದು ನಿಲ್ಲಿಸುತ್ತಿದ್ದ ಕಥೆ ತೆಗೆಯಿರಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ನನ್ನ ದೊಡ್ಡ ತಕರಾರು ಬೇರೆ. ಆರು ಪುಟದಲ್ಲಿ ಹಾಸಿಗೆ, ಬ್ಯಾರಿಕೇಡ್, ಪೊಲೀಸರ ಲೆಕ್ಕವಿದೆ. ಒಳಗಿರುವ ಮನುಷ್ಯ ಇಲ್ಲ. ಅವನ ಕೂಲಿ ಯಾರು ಕೊಡುತ್ತಾರೆ? ಐದನೇ ದಿನ ಇನ್ಸುಲಿನ್ ಮುಗಿದರೆ ಯಾರಿಗೆ ಫೋನ್ ಮಾಡಬೇಕು? ಇದಕ್ಕೆ ಉತ್ತರವಿಲ್ಲದಿದ್ದರೆ ಜನ ಜ್ವರ ಮುಚ್ಚಿಡುತ್ತಾರೆ. 2014ರ ಆಗಸ್ಟ್‌ನಲ್ಲಿ ಲೈಬೀರಿಯಾದ ಮನ್ರೋವಿಯಾದಲ್ಲಿ ಎಬೋಲಾ ಭಯಕ್ಕೆ ವೆಸ್ಟ್ ಪಾಯಿಂಟ್ ಎಂಬ ಇಡೀ ಬಡಾವಣೆಯನ್ನು ಮುಚ್ಚಿದರು. ಗಲಾಟೆಯಾಯಿತು, ಗುಂಡು ಹಾರಿತು, ಹುಡುಗನೊಬ್ಬ ಸತ್ತ. ಸುಮಾರು ಹತ್ತು ದಿನಕ್ಕೆ ಬೇಲಿ ತೆಗೆಯಬೇಕಾಯಿತು. ಪೊಲೀಸರೇನೂ ಕಡಿಮೆ ಇರಲಿಲ್ಲ.

ನಾಲ್ಕನೇ ಪುಟದ ಕೊನೆಗೆ ಒಂದು ಸಾಲು ಬರೆದು ಮುಂದೆ ಓಡಿದ್ದೀರಿ: ಕಿಟಕಿಯಲ್ಲಿ ನಿಂತ ಹೆಂಗಸೊಬ್ಬಳು ಕಾವಲಿನವನಿಗೆ ಮಗುವಿನ ಹಾಲಿನ ಬಾಟಲಿ ಎತ್ತಿ ತೋರಿಸುತ್ತಾಳೆ. ಲೇಖನ ಅಲ್ಲಿಂದ ಶುರುವಾಗಲಿ. ಬಾಟಲಿ ಖಾಲಿ ಇತ್ತಾ? ಅವನು ಏನು ಮಾಡಿದ? ಅದನ್ನು ಬರೆದು, ಪೊಲೀಸರ ಲೆಕ್ಕವನ್ನು ಅರ್ಧ ಪುಟಕ್ಕಿಳಿಸಿ ಮತ್ತೆ ಕಳಿಸಿ.