ಇಳುವರಿ ಹೆಚ್ಚಿದರೆ ಕಾಡು ಉಳಿಯುವುದೇ?

ಸಾಗರದ ಓದುಗರೊಬ್ಬರು ಕಳೆದ ಸಂಚಿಕೆಯ ಲೇಖನ ಓದಿ ಹೀಗೆ ಬರೆದಿದ್ದಾರೆ: "ಎಕರೆಗೆ ಹತ್ತು ಚೀಲ ಬರುವಲ್ಲಿ ಇಪ್ಪತ್ತು ಬಂದರೆ ರೈತ ಕಾಡಿಗೆ ಏಕೆ ಕೈ ಹಾಕುತ್ತಾನೆ? ಸರ್ಕಾರ ಒಳ್ಳೆಯ ಬೀಜ, ನೀರು, ಸಾಲ ಕೊಡಲಿ. ಕಾಡು ತಾನಾಗಿ ಉಳಿಯುತ್ತದೆ."

ನಿಮ್ಮ ಮಾತು ನಿಜವಾಗಲಿ ಎಂಬ ಆಸೆ ನನಗೂ ಇದೆ. ಆದರೆ ಬ್ರೆಜಿಲ್‌ನಲ್ಲಿ ಹಾಗಾಗಲಿಲ್ಲ. 1973ರಲ್ಲಿ ಅಲ್ಲಿನ ಸರ್ಕಾರ ಕಟ್ಟಿದ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆ, ಸೆರಾಡೊ ಎಂಬ, ಹುಲ್ಲು-ಕುರುಚಲು ಮರ ಬೆರೆತ ಬಯಲಿನ ಹುಳಿ ಮಣ್ಣನ್ನು ಸುಣ್ಣ, ರಂಜಕ ಹಾಕಿ ಹದಗೊಳಿಸುವುದನ್ನು ಕಲಿಸಿತು. ಉಷ್ಣವಲಯಕ್ಕೆ ಒಗ್ಗುವ ಸೋಯಾ ತಳಿಗಳನ್ನೂ ಕೊಟ್ಟಿತು. ಇಳುವರಿ ಏರಿತು, ಹೊಲವೂ ಹಿಗ್ಗಿತು. ಲಾಭ ಕಂಡ ಬೆಳೆಗೆ ಹಣ ಹರಿದುಬರುತ್ತದೆ. ರಸ್ತೆ, ಸಾಲ, ದಾಖಲೆಪತ್ರ ಸಲೀಸಾಗಿ ಸಿಗುವಲ್ಲಿ ಇನ್ನಷ್ಟು ನೆಲ ಕಡಿಯುವುದೂ ಸಲೀಸು. ಕೃಷಿ ಇಲಾಖೆ ಚುರುಕಾಗಿದ್ದು ಅರಣ್ಯ ಇಲಾಖೆ ಬಡವಾಗಿದ್ದರೆ ಆಗುವುದೇ ಇದು.

2004ರ ಒಂದೇ ವರ್ಷದಲ್ಲಿ ಅಮೆಜಾನಿನ 27 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಕಾಡು ನಾಶವಾಯಿತು. ಮರೀನಾ ಸಿಲ್ವಾ ಆಗ ಪರಿಸರ ಸಚಿವೆ. ಉಪಗ್ರಹ ಚಿತ್ರದಲ್ಲಿ ಹೊಸ ಬೋಳು ಕಂಡ ಕಡೆಗೆ ಅಧಿಕಾರಿಗಳು ಹೋಗಿ ದಂಡ ಹಾಕತೊಡಗಿದರು. 2006ರಲ್ಲಿ ದೊಡ್ಡ ವ್ಯಾಪಾರಿಗಳು, ಅಮೆಜಾನಿನಲ್ಲಿ ಹೊಸದಾಗಿ ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು ಒಪ್ಪಿಕೊಂಡರು. 2008ರಲ್ಲಿ, ಪರಿಸರ ಕಾನೂನು ಪಾಲಿಸಿದ ದಾಖಲೆ ತೋರಿಸದವರಿಗೆ ಅಲ್ಲಿ ಕೃಷಿ ಸಾಲ ಇಲ್ಲವೆಂಬ ನಿಯಮ ಬಂತು. 2012ಕ್ಕೆ ವರ್ಷದ ನಾಶ 4,600 ಚದರ ಕಿಲೋಮೀಟರಿಗಿಂತ ಕೆಳಗಿಳಿಯಿತು. ದೇಶದ ಸೋಯಾ ಫಸಲು 2004ಕ್ಕಿಂತ ಹೆಚ್ಚೇ ಇತ್ತು. ವ್ಯಾಪಾರಿಗಳ ಸೋಯಾ ಒಪ್ಪಂದದ ಹೊರಗುಳಿದ ಸೆರಾಡೊ ಮಾತ್ರ ಕರಗುತ್ತಲೇ ಹೋಯಿತು; ನನಗೆ ಅತ್ಯಂತ ನೋವು ತರುವ ಭಾಗ ಅದು. ಮುಂದೆ ದಂಡ, ಜಪ್ತಿ ಸಡಿಲವಾದಾಗ, 2021ರಲ್ಲಿ, ಅಮೆಜಾನಿನ ನಾಶವೂ ಮತ್ತೆ 13 ಸಾವಿರ ದಾಟಿತು. ಉಪಗ್ರಹ ಆಗಲೂ ಎಲ್ಲವನ್ನೂ ತೋರಿಸುತ್ತಲೇ ಇತ್ತು.

ನಿಮ್ಮ ಸೀಮೆಯಲ್ಲಿ ಸರ್ಕಾರಿ ನೆಲದಲ್ಲಿ ಅಪ್ಪಣೆಯಿಲ್ಲದೆ ನಡೆಯುವ ಬಗರ್ ಹುಕುಂ ಸಾಗುವಳಿಗೂ ಇದೇ ಮಾತು ಸಲ್ಲುತ್ತದೆ. ಅದನ್ನು ಸಕ್ರಮ ಮಾಡಿಕೊಡಿ ಎಂದು ಕೇಳುವ ಅರ್ಜಿಗೆ 1991ರಲ್ಲಿ ನಮೂನೆ 50 ಬಂತು, ಆಮೇಲೆ 53, 2018ರಲ್ಲಿ 57. ಅರ್ಜಿ ಹಿಡಿದು ವರ್ಷಗಟ್ಟಲೆ ಕಾಯುವ ಬಡವನಿಗೆ ಪಹಣಿಯಲ್ಲಿ ಹೆಸರಿಲ್ಲ, ಬ್ಯಾಂಕಿನಲ್ಲಿ ಸಾಲವಿಲ್ಲ. ನಾಳೆ ತನ್ನದಾಗುವುದೋ ಇಲ್ಲವೋ ಎಂಬ ನೆಲಕ್ಕೆ ಅವನು ಬದು ಹೇಗೆ ಹಾಕಿಸಿಯಾನು? ಅತ್ತ, ಗಡುವು ಮತ್ತೆ ತೆರೆದೀತು ಎಂದು ಕಾಯುವ ಉಳ್ಳವನು ಬೇಲಿಯನ್ನು ಇನ್ನೊಂದು ಮಾರು ಮುಂದಕ್ಕೆ ಒತ್ತುತ್ತಾನೆ. ಅರ್ಹ ಬಡವರ ಹಳೆಯ ಅರ್ಜಿಗಳನ್ನು ಸ್ಥಳ ನೋಡಿ ಬೇಗ ಇತ್ಯರ್ಥಪಡಿಸಬೇಕು, ಆಮೇಲೆ ಹೊಸ ನಮೂನೆಯನ್ನು ತೆರೆಯಲೇಬಾರದು. ಬೀಜ, ನೀರು, ಸಾಲ ಬೇಡವೆಂದು ನಾನು ಹೇಳುತ್ತಿಲ್ಲ. ಅವುಗಳ ಜೊತೆಗೆ ಇದನ್ನೂ ಕೇಳೋಣ.

— ಸಂಪಾದಕ