ಅಮ್ಮನಿಗೆ ಯಾವ ಬಗೆಯ ಹಲ್ಲು ಸೆಟ್ ಕಟ್ಟಿಸಲಿ?

ನಿಮ್ಮ ಅಮ್ಮನಿಗೆ 66 ವರ್ಷ. ಮೇಲಿನ ಸಾಲಿನಲ್ಲಿ ಉಳಿದಿರುವ ನಾಲ್ಕೂ ಹಲ್ಲು ಅಲ್ಲಾಡುತ್ತಿವೆ, ಕೀಳಲೇಬೇಕು. ಕೆಳಗೆ ಮುಂದಿನ ಆರು ಗಟ್ಟಿಯಾಗಿವೆ, ಹಿಂದೆ ಎರಡೂ ಕಡೆ ದವಡೆ ಹಲ್ಲಿಲ್ಲ. ಒಬ್ಬ ಡಾಕ್ಟರು ಕೆಳಗೆ ಫ್ಲೆಕ್ಸಿಬಲ್, ಅಂದರೆ ಬಾಗುವ ನೈಲಾನ್ ಸೆಟ್, ಹಾಕೋಣ ಎಂದರು, ಇನ್ನೊಬ್ಬರು ಲೋಹದ್ದೇ ಒಳ್ಳೆಯದು ಎಂದರು, ಮೂರನೆಯವರು ಆ ಆರನ್ನೂ ಕಿತ್ತು ಎರಡೂ ಕಡೆ ಪೂರ್ತಿ ಸೆಟ್ ಹಾಕಿಬಿಟ್ಟರೆ ತಾಪತ್ರಯವೇ ಇರುವುದಿಲ್ಲ ಎಂದರು. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ನಾನು ಡಾಕ್ಟರಲ್ಲ, 11 ವರ್ಷದಿಂದ ಸೆಟ್ ಹಾಕಿಕೊಳ್ಳುತ್ತಿರುವವಳು. ನನ್ನ ಬಾಯಿಯೂ ನಿಮ್ಮ ಅಮ್ಮನದರ ಹಾಗೇ ಇತ್ತು: ಮೇಲೆ ಪೂರ್ತಿ ಖಾಲಿ, ಕೆಳಗೆ ಮುಂದಿನ ಆರು ಮಾತ್ರ. ಆಗ ನಾನು ಮಾಡಿದ ಒಂದು ತಪ್ಪಿನಿಂದ ಮೇಲ್ದವಡೆಯ ಮೂಳೆ ಕಳೆದುಕೊಂಡೆ. ಅದು ನಿಮ್ಮ ಅಮ್ಮನಿಗೆ ಆಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮೂರನೆಯ ಡಾಕ್ಟರ ಮಾತು. ಆ ಆರು ಹಲ್ಲಿನ ಬೇರು, ಸುತ್ತಲಿನ ಮೂಳೆ ಚೆನ್ನಾಗಿವೆ ಎಂದು ಎಕ್ಸ್‌ರೇಯಲ್ಲಿ ಕಂಡರೆ ದಯವಿಟ್ಟು ಕೀಳಿಸಬೇಡಿ. ಹಲ್ಲು ಸೆಟ್‌ಗಳಲ್ಲೆಲ್ಲ ಅತಿ ಕಷ್ಟದ್ದು ಕೆಳಗಿನ ಪೂರ್ತಿ ಸೆಟ್. ಮೇಲಿನದಾದರೆ ಇಡೀ ಅಂಗುಳನ್ನು ಆವರಿಸಿ ಕೂರುತ್ತದೆ. ನಡುವೆ ಜೊಲ್ಲು ತೆಳುವಾಗಿ ನಿಂತು, ಸುತ್ತಲೂ ಅಂಚು ಗಾಳಿಯಾಡದಂತೆ ಮುಚ್ಚಿಕೊಂಡು, ಎರಡು ಒದ್ದೆ ಗಾಜು ಒಂದಕ್ಕೊಂದು ಅಂಟಿಕೊಂಡ ಹಾಗೆ ಹಿಡಿದುಕೊಳ್ಳುತ್ತದೆ. ಕೆಳಗಿನದಕ್ಕೆ ಆ ಅನುಕೂಲವಿಲ್ಲ. ಅದು ಕುದುರೆ ಲಾಳದಂಥ ಕಿರಿದಾದ ಪಟ್ಟಿ. ನಡುವೆ ನಾಲಿಗೆ, ಅಕ್ಕಪಕ್ಕ ಕೆನ್ನೆ, ಮುಂದೆ ತುಟಿ, ಮಾತಾಡಿದಾಗಲೆಲ್ಲ ಅದನ್ನು ಎತ್ತುತ್ತಲೇ ಇರುತ್ತವೆ. ಸಾಲದ್ದಕ್ಕೆ, ಹಲ್ಲು ಹೋದ ಜಾಗದ ಮೂಳೆ ಸವೆಯುತ್ತದೆ: ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಪೂರ್ತಿ ಸೆಟ್ ಹಾಕಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿ ಅಳೆದಾಗ ಕೆಳಗಿನ ಮೂಳೆ ಮೇಲಿನದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆದದ್ದು ಕಂಡುಬಂದಿದೆ. ಬೇರು ಇರುವವರೆಗೆ ಅದರ ಸುತ್ತಲ ಮೂಳೆ ಉಳಿಯುತ್ತದೆ. ಅದರಲ್ಲೂ ಕೋರೆಹಲ್ಲಿನ ಬೇರು ಉದ್ದ, ಗಟ್ಟಿ. ಮೇಲ್ಭಾಗ ಪೂರಾ ಹಾಳಾದ ಕೋರೆಹಲ್ಲನ್ನು ಕೂಡ ಕೀಳದೆ, ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ತರಿದು, ಆ ಬೇರಿನ ಮೇಲೆ ಸೆಟ್ ಕೂರಿಸುವ ಡಾಕ್ಟರುಗಳಿದ್ದಾರೆ. ಹಾಗಿರುವಾಗ ಗಟ್ಟಿಯಾಗಿರುವ ಆರು ಹಲ್ಲನ್ನು ನಮ್ಮ ಕೈಯಾರೆ ತೆಗೆಸುವುದೇ? ಹಾಂ, ವಸಡಿನ ರೋಗ ಆ ಹಲ್ಲುಗಳಿಗೂ ಹಬ್ಬಿ ಮೂಳೆ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಲೆಕ್ಕ ಬೇರೆ. ಆದ್ದರಿಂದ ಎಕ್ಸ್‌ರೇಯನ್ನು ನಿಮ್ಮ ಎದುರಿಗೇ ಹಿಡಿದು ವಿವರಿಸಲು ಹೇಳಿ.

ಇನ್ನು ಫ್ಲೆಕ್ಸಿಬಲ್ಲೋ ಲೋಹದ್ದೋ ಎಂಬ ಮಾತು. ನಾವು ಸೆಟ್ ಎಂದ ಕೂಡಲೇ ಯಾವ ವಸ್ತುವಿನದು, ಎಷ್ಟು ತೆಳು, ಹೊರಗೆ ಕ್ಲಿಪ್ ಕಾಣುತ್ತದೆಯೇ ಎಂದು ನೋಡುತ್ತೇವೆ. ನಾನೂ ಅದನ್ನೇ ನೋಡಿದ್ದೆ. ಕೇಳಬೇಕಾದ್ದು ಬೇರೆ: ಅಗಿದಾಗ ಬೀಳುವ ಭಾರವನ್ನು ಯಾವುದು ಹೊರುತ್ತದೆ? ಸ್ವಂತ ಹಲ್ಲಾದರೆ ಭಾರ ಬೇರಿನ ಮೂಲಕ ಮೂಳೆಗೆ ಇಳಿಯುತ್ತದೆ. ಸೆಟ್ ಬರೀ ವಸಡಿನ ಮೇಲೆ ಕೂತರೆ ಅಷ್ಟೂ ಭಾರ ಆ ಮೆತ್ತನೆಯ ಚರ್ಮದ ಮೇಲೆ. ಅದು ಭಾರ ಹೊರಲು ಇರುವ ಜಾಗವೇ ಅಲ್ಲ. ಪೂರ್ತಿ ಸೆಟ್ ಹಾಕಿದವರಿಗೆ ಸ್ವಂತ ಹಲ್ಲಿನ ಕಚ್ಚುವ ಬಲದಲ್ಲಿ ಕಾಲುಭಾಗ ಸಿಕ್ಕರೆ ದೊಡ್ಡದು, ಕಾರಣ ಇದೇ.

ನನಗಾದದ್ದು ಹೇಳುತ್ತೇನೆ. ಮೇಲಿನ ಪೂರ್ತಿ ಸೆಟ್ ಚೆನ್ನಾಗಿಯೇ ಕೂತಿತು. ಕೆಳಗೆ, ನಕ್ಕರೆ ಲೋಹ ಕಾಣಬಾರದು ಎಂಬ ಒಂದೇ ಕಾರಣಕ್ಕೆ ಫ್ಲೆಕ್ಸಿಬಲ್ ಆರಿಸಿಕೊಂಡೆ. ನೋಡಲು ಚಂದವಿತ್ತು, ಹಗುರವಾಗಿತ್ತು, ಕ್ಲಿಪ್ ಕೂಡ ವಸಡಿನ ಬಣ್ಣದ್ದೇ. ಆದರೆ ಅದು ಬಾಗುವ ನೈಲಾನ್. ಹಲ್ಲಿನ ಮೇಲೆ ಊರಿಕೊಳ್ಳುವ ಕಾಲು ಅದಕ್ಕೆ ಇರಲಿಲ್ಲ. ಅಗಿದಾಗಲೆಲ್ಲ ಹಿಂಭಾಗ ವಸಡಿನೊಳಕ್ಕೆ ಒತ್ತಿಕೊಳ್ಳುತ್ತಿತ್ತು. ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಊಟಕ್ಕೆ ಮುಂಚೆ ಅದನ್ನು ತೆಗೆದಿಟ್ಟು ಕೂರುವ ಅಭ್ಯಾಸವಾಯಿತು, ಆಮೇಲೆ ಡಬ್ಬಿಯಲ್ಲೇ ಉಳಿಯಿತು. ಮುಂದಿನ ಆರು ಹಲ್ಲಿದೆಯಲ್ಲ, ಅದರಲ್ಲೇ ಅಗಿದು ನುಂಗುತ್ತಿದ್ದೆ. ನೋವಿಲ್ಲ, ತೊಂದರೆಯಿಲ್ಲ. ಹೀಗೆ ಮೂರು ವರ್ಷ.

ಆಮೇಲೆ ಮೇಲಿನ ಸೆಟ್ ಕಚ್ಚಿದಾಗ ಮುಂದಕ್ಕೆ ವಾಲಿ ಹಿಂದಿನಿಂದ ಕಳಚಿಕೊಳ್ಳತೊಡಗಿತು. ಸೆಟ್ ಸಡಿಲವಾಗಿದೆ, ಸರಿಮಾಡಿಸೋಣ ಎಂದು ಬೇರೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಸೆಟ್ ತೆಗೆಸಿ, ಕೈಗೆ ಕನ್ನಡಿ ಕೊಟ್ಟು, ಮೇಲಿನ ಮುಂಭಾಗದ ವಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ಕಿವಿಯ ಹಾಲೆಯ ಹಾಗೆ ಅತ್ತಿಂದಿತ್ತ ಬಾಗಿತು. ಒಳಗೆ ಮೂಳೆ ಇರಲಿಲ್ಲ. "ನೋಡಿ, ಕೆಳಗಿನ ಆರು ಹಲ್ಲು ಮೂರು ವರ್ಷ ಇದೇ ಜಾಗಕ್ಕೆ ಗುದ್ದುತ್ತಾ ಬಂದಿವೆ. ಹಿಂದುಗಡೆ ತಡೆಯೋಕೆ ಏನೂ ಇರಲಿಲ್ಲ" ಎಂದರು. ಆ ಕನ್ನಡಿಯಲ್ಲಿ ಕಂಡದ್ದು ನನಗೆ ಇವತ್ತಿಗೂ ಮರೆತಿಲ್ಲ.

ಇದು ನನ್ನೊಬ್ಬಳದೇ ಕಥೆ ಅಲ್ಲವಂತೆ. ಮೇಲೆ ಪೂರ್ತಿ ಸೆಟ್, ಕೆಳಗೆ ಮುಂದೆ ಮಾತ್ರ ಸ್ವಂತ ಹಲ್ಲು ಇರುವವರಲ್ಲಿ ಹೀಗಾಗುವುದನ್ನು ಕೆಲಿ ಎಂಬ ದಂತವೈದ್ಯರು 1972ರಲ್ಲೇ ಬರೆದಿಟ್ಟಿದ್ದಾರೆ. ಅದಕ್ಕೆ ಕಾಂಬಿನೇಷನ್ ಸಿಂಡ್ರೋಮ್ ಎನ್ನುತ್ತಾರೆ. ನಿಮ್ಮ ಅಮ್ಮನ ಬಾಯಿ ಸರಿಯಾಗಿ ಅದೇ ಜೋಡಣೆಗೆ ಹೊರಟಿದೆ. ಆದ್ದರಿಂದ ಅವರ ಮಟ್ಟಿಗೆ ಮೇಲಿನ ಸೆಟ್ಟಿನಷ್ಟೇ ಮುಖ್ಯ ಕೆಳಗಿನ ಹಿಂದಿನ ಹಲ್ಲುಗಳು. ಅವು ಕಾಣುವುದಿಲ್ಲ, ಇಲ್ಲದಿದ್ದರೂ ನಡೆಯುತ್ತದೆ ಅನ್ನಿಸುತ್ತದೆ. ಆದರೆ ಮೇಲಿನದನ್ನು ಉಳಿಸುವುದು ಅವೇ.

ಹಾಗಾಗಿ ಕೆಳಗೆ ನನ್ನ ಓಟು ಲೋಹದ್ದಕ್ಕೆ, ಅಂದರೆ ಕಾಸ್ಟ್ ಪಾರ್ಷಿಯಲ್ ಎನ್ನುತ್ತಾರಲ್ಲ, ಅದಕ್ಕೆ. ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ತೆಳು ಚೌಕಟ್ಟು, ಅದರ ಮೇಲೆ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ವಸಡು ಮತ್ತು ಹಲ್ಲು. ಅದರ ಗುಟ್ಟೆಲ್ಲ ರೆಸ್ಟ್ ಎಂಬ ಪುಟ್ಟ ಲೋಹದ ಕಾಲಿನಲ್ಲಿದೆ. ಡಾಕ್ಟರು ಉಳಿದ ಹಲ್ಲಿನ ಮೇಲೆ ಚಿಕ್ಕದೊಂದು ಗುಳಿ ಮಾಡಿ ಆ ಕಾಲನ್ನು ಅಲ್ಲಿ ಕೂರಿಸುತ್ತಾರೆ. ಭಾರದಲ್ಲಿ ಒಂದು ಪಾಲು ಹಲ್ಲಿಗೆ ಹೋಗುತ್ತದೆ, ಸೆಟ್ ವಸಡಿನೊಳಕ್ಕೆ ಕುಸಿಯುವುದಿಲ್ಲ. ಲೋಹ ತೆಳುವಾದ್ದರಿಂದ ನಾಲಿಗೆಗೆ ಜಾಗ ಉಳಿಯುತ್ತದೆ, ಬಿಸಿ ತಣ್ಣಗೆ ಗೊತ್ತಾಗುತ್ತದೆ. ಕ್ಲಿಪ್ ಸ್ವಲ್ಪ ಕಾಣುತ್ತದೆ, ನಿಜ. ಈಗ ನಾನು ಹಾಕಿಕೊಳ್ಳುವುದೂ ಲೋಹದ್ದೇ, ನನ್ನ ಕೋರೆಹಲ್ಲಿನ ಹತ್ತಿರ ಕಾಣುತ್ತದೆ. ಇದುವರೆಗೆ ಒಬ್ಬರೂ ಅದರ ಬಗ್ಗೆ ಕೇಳಿಲ್ಲ. ಅಮ್ಮನಿಗೆ ಆಭರಣ ಹಾಕಿದಾಗ ನಿಕಲ್ ಅಲರ್ಜಿ ಆಗಿದ್ದರೆ ಮಾತ್ರ ಮೊದಲೇ ಹೇಳಿ. ಒಂದು ಎಚ್ಚರಿಕೆ: ಹಿಂದೆ ಹಲ್ಲಿಲ್ಲದ್ದರಿಂದ ಆ ಭಾಗ ವಸಡಿನ ಮೇಲೇ ಕೂತಿರುತ್ತದೆ. ಮೂಳೆ ಸವೆದ ಹಾಗೆ ಅದರ ಅಡಿಗೆ ಅಕ್ರಿಲಿಕ್ ತುಂಬಿಸಿ ಮಟ್ಟ ಮಾಡಿಸುತ್ತಿರಬೇಕು, ರಿಲೈನ್ ಎನ್ನುತ್ತಾರೆ. ವರ್ಷಕ್ಕೊಮ್ಮೆ ತೋರಿಸಿದರೆ ಸಾಕು.

ಸಾದಾ ಅಕ್ರಿಲಿಕ್ ಸೆಟ್ ಕೀಳೆಂದು ನಾನು ಹೇಳುವುದಿಲ್ಲ. ದಪ್ಪ, ಬಿದ್ದರೆ ಒಡೆಯುತ್ತದೆ. ಆದರೆ ಒಡೆದರೆ ಅಂಟಿಸಬಹುದು, ನಾಳೆ ಇನ್ನೊಂದು ಹಲ್ಲು ಹೋದರೆ ಅದಕ್ಕೇ ಸೇರಿಸಬಹುದು. ಉಳಿದ ಹಲ್ಲುಗಳ ಭರವಸೆ ಇಲ್ಲದವರಿಗೆ ಅದೇ ಸರಿ. ಫ್ಲೆಕ್ಸಿಬಲ್ ಒಂದೆರಡು ಹಲ್ಲಿನ ಸಂದಿಗೆ, ಅಕ್ಕಪಕ್ಕ ಎರಡೂ ಕಡೆ ಹಲ್ಲಿರುವ ಕಡೆ ಚೆನ್ನಾಗಿ ನಡೆಯಬಹುದು. ಎರಡೂ ಕಡೆ ಹಿಂದುಗಡೆ ಪೂರ್ತಿ ಖಾಲಿ ಇರುವ ಬಾಯಿಗೆ, ಅದರಲ್ಲೂ ಮೇಲೆ ಪೂರ್ತಿ ಸೆಟ್ ಇರುವಾಗ, ಬೇಡ. ಅದನ್ನು ರಿಲೈನ್ ಮಾಡುವುದೂ ರಿಪೇರಿ ಮಾಡುವುದೂ ಕಷ್ಟ.

ಮೇಲಿನದರಲ್ಲಿ ಎರಡು ದಾರಿ. ಹಲ್ಲು ಕಿತ್ತ ದಿನವೇ ಹಾಕುವ ಇಮ್ಮೀಡಿಯೆಟ್ ಸೆಟ್ ಒಂದು, ಗಾಯ ಮಾಗಲು ಎರಡು ಮೂರು ತಿಂಗಳು ಕಾದು ಆಮೇಲೆ ಕಟ್ಟಿಸುವುದು ಇನ್ನೊಂದು. ಮೊದಲನೆಯದರಲ್ಲಿ ಒಂದು ದಿನವೂ ಬೋಳು ಬಾಯಲ್ಲಿ ಇರಬೇಕಿಲ್ಲ. ನನಗೆ ಆ ಮರ್ಯಾದೆ ಬೇಕಿತ್ತು, ಅದನ್ನೇ ಮಾಡಿಸಿದೆ. ಆದರೆ ಗಾಯ ಒಣಗಿದಂತೆ ವಸಡು ಇಳಿಯುತ್ತದೆ, ಆರು ತಿಂಗಳೊಳಗೆ ಸೆಟ್ ಸಡಿಲವಾಗುತ್ತದೆ, ರಿಲೈನ್ ಅಥವಾ ಹೊಸದು ಬೇಕಾಗುತ್ತದೆ. ಇದನ್ನು ಮೊದಲೇ ಅಮ್ಮನಿಗೆ ತಿಳಿಸಿ, ಇಲ್ಲವಾದರೆ ಮೋಸ ಹೋದೆವು ಅನ್ನಿಸುತ್ತದೆ.

ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಹಾಗೆ ಮೂಳೆಗೇ ಕೂರಿಸುವ ತಿರುಪು, ಅದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಈ ವಯಸ್ಸಿಗೆ ಬೇಡ ಎಂದು. ವಯಸ್ಸು ಅಡ್ಡಿಯಲ್ಲ. ಟೈಟಾನಿಯಂ ತಿರುಪು ಮೂಳೆಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೊನೆಮಾರ್ಕ್ ಕಂಡುಕೊಂಡು 1965ರಲ್ಲಿ ಮೊದಲ ರೋಗಿಗೆ ಹಾಕಿದರು; ಅದು ಈಗ ಹಳೆಯ, ಪಳಗಿದ ವಿದ್ಯೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಧೂಮಪಾನ, ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಿ, ಇವು ತೊಡಕು. ಆ ಔಷಧಿಗಳಲ್ಲಿ ಕೆಲವು ಹಲ್ಲು ಕಿತ್ತ ಜಾಗ ಮಾಗದಂತೆಯೂ ಮಾಡಬಹುದು. ಹಾಗಾಗಿ ಅಮ್ಮ ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ಕೀಳಿಸುವ ಮೊದಲೇ ತೋರಿಸಿ. ನನ್ನ ಅಕ್ಕನಿಗೆ ಕೆಳಗೆ ಒಂದೂ ಹಲ್ಲಿರಲಿಲ್ಲ. ಪೂರ್ತಿ ಸೆಟ್ ಹಾಕಿಕೊಂಡು ನಾಲ್ಕು ಜನರ ನಡುವೆ ಊಟಕ್ಕೆ ಕೂರಲು ಹೆದರುತ್ತಿದ್ದಳು. 72ನೇ ವಯಸ್ಸಿನಲ್ಲಿ ಕೋರೆಹಲ್ಲಿನ ಜಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿಸಿಕೊಂಡಳು, ಸೆಟ್ಟು ಅದರ ಮೇಲೆ ಟಕ್ ಎಂದು ಕೂರುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹಲ್ಲೇ ಇಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಎಂದಿದ್ದರು. ಅಕ್ಕನ ಮುಖ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ನಿಮ್ಮ ಅಮ್ಮನಿಗೆ ಆರು ಹಲ್ಲಿರುವುದರಿಂದ ಈಗಲೇ ಬೇಕಿಲ್ಲ. ಮುಂದೆಂದಾದರೂ ಅವು ಹೋದರೆ ಈ ದಾರಿ ಇದೆ ಎಂದು ನೆನಪಿರಲಿ.

ಯಾವುದೇ ಆರಿಸಿ, ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡುವ ದಿನ ಅವಸರ ಮಾಡಬೇಡಿ. ಇಮ್ಮೀಡಿಯೆಟ್ ಸೆಟ್ಟಿನಲ್ಲಿ ಮುಂಭಾಗಕ್ಕೆ ಆ ಅವಕಾಶ ಸಿಗುವುದಿಲ್ಲ, ಉಳಿದವುಗಳಲ್ಲಿ ಸಿಗುತ್ತದೆ. ಹಲ್ಲಿನ ಬಣ್ಣ, ಉದ್ದ, ತುಟಿಯ ಉಬ್ಬು ಬದಲಿಸಲು ಅದೇ ಕೊನೆಯ ಅವಕಾಶ. ಅಮ್ಮನ ಹಳೆಯ ಫೋಟೊ ಒಂದನ್ನು ಒಯ್ಯಿರಿ. ಕಿಟಕಿಯ ಬೆಳಕಿನಲ್ಲಿ ನೋಡಿ. "ಸಂತೋಷ", "ವಿಶೇಷ", "ಅರವತ್ತು ಸಾವಿರ" ಎಂದು ಹೇಳಿಸಿ, ಸಿಳ್ಳೆಯ ಹಾಗೆ ಕೇಳಿಸಿದರೆ ಆಗಲೇ ಹೇಳಿ.

ಮೊದಲ ವಾರಗಳು ಕಷ್ಟ. ಬಾಯಿ ತುಂಬ ಏನೋ ತುರುಕಿದಂತೆ, ಜೊಲ್ಲು ಸುರಿದಂತೆ ಆಗುತ್ತದೆ. ಮೆತ್ತನೆಯದನ್ನು ಚಿಕ್ಕ ಚಿಕ್ಕ ತುತ್ತಾಗಿ, ಎರಡೂ ಕಡೆ ಹಂಚಿಕೊಂಡು ಅಗಿಯಬೇಕು, ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆಯಬಾರದು. ನಾನು ದಿನಾ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ; ಎರಡು ವಾರಕ್ಕೆ ನಾಲಿಗೆ ದಾರಿಗೆ ಬಂತು. ಎಲ್ಲೋ ಒತ್ತಿ ಹುಣ್ಣಾದರೆ ಮನೆಯಲ್ಲಿ ಉಜ್ಜಲು ಹೋಗಬೇಡಿ. ಡಾಕ್ಟರಲ್ಲಿಗೆ ಹೋಗುವ ಮುಂಚೆ ಕೆಲವು ಗಂಟೆ ಸೆಟ್ ಹಾಕಿಕೊಂಡೇ ಇರಲಿ. ಕೆಂಪು ಗುರುತು ಕಂಡರೇ ಎಲ್ಲಿ ತರಿಯಬೇಕೆಂದು ಅವರಿಗೆ ಗೊತ್ತಾಗುವುದು. ನೋವೆಂದು ಎರಡು ದಿನ ತೆಗೆದಿಟ್ಟು ಹೋದರೆ ಗುರುತೇ ಮಾಯವಾಗಿರುತ್ತದೆ, ನಾನು ಹಾಗೆ ಎರಡು ಸಲ ಸುಮ್ಮನೆ ಹೋಗಿಬಂದೆ. ಇಮ್ಮೀಡಿಯೆಟ್ ಸೆಟ್ ಆದರೆ ಮೊದಲ ದಿನ ರಾತ್ರಿಯೂ ತೆಗೆಯಬೇಡಿ ಎನ್ನುತ್ತಾರೆ, ಅದನ್ನು ಪಾಲಿಸಿ. ಆಮೇಲೆ ಪ್ರತಿ ರಾತ್ರಿ ತೆಗೆದು ಮೃದು ಬ್ರಶ್ಶಿನಲ್ಲಿ, ಟೂತ್‌ಪೇಸ್ಟ್ ಅಲ್ಲದೆ ಸೋಪಿನಲ್ಲಿ ತೊಳೆದು, ತಣ್ಣೀರಿನಲ್ಲಿ ಇಡಬೇಕು. ಕುದಿನೀರು ತಾಗಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ಉಳಿದ ಆರು ಹಲ್ಲನ್ನು, ಅದರಲ್ಲೂ ಕ್ಲಿಪ್ ಹಿಡಿಯುವ ಎರಡನ್ನು, ಚಿನ್ನದ ಹಾಗೆ ನೋಡಿಕೊಳ್ಳಲಿ.

ಮುಂದಿನ ವಾರ ಮೇಲಿನ ನಾಲ್ಕು ಹಲ್ಲು ಕೀಳುವ ದಿನ ಗೊತ್ತಾಗಿದೆ ಎಂದಿದ್ದೀರಿ. ಅದಕ್ಕೆ ಮೊದಲು ಎರಡನೆಯ ಡಾಕ್ಟರ ಹತ್ತಿರ ಒಮ್ಮೆ ಕೂತು ಕೇಳಿ: ಕೆಳಗಿನ ಯಾವ ಹಲ್ಲಿನ ಮೇಲೆ ರೆಸ್ಟ್ ಕೂರಿಸುತ್ತೀರಿ, ಆ ಹಲ್ಲು ತಡೆದೀತೇ, ಮುಂದೆ ಒಂದು ಹಲ್ಲು ಹೋದರೆ ಈ ಚೌಕಟ್ಟಿಗೆ ಸೇರಿಸಲು ಈಗಲೇ ಜಾಗ ಇಡಬಹುದೇ. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರೆ ಅಲ್ಲೇ ಮಾಡಿಸಿ. ಅವರು ಏನಂದರು ಎಂಬುದನ್ನು ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.